ಮನಿಯಾರ್ಡರ್ ರಶೀದಿಯಿಂದ ‘ಸರ್ವರ್ ಡೌನ್’ವರೆಗೆ

ಕಳೆದ ವರ್ಷ ಮಳೆಗಾಲದ ಒಂದು ಮುಂಜಾನೆ. ಲೋಕಲ್ ಗಾಡಿ ಹಿಡಿಯುವ ಗಡಿಬಿಡಿಯಲ್ಲಿ ನಾನಿದ್ದಾಗ ಮೀರಾ ರೋಡಿನ ನಮ್ಮ ಸೊಸೈಟಿಯ ಹಿರಿಯರೊಬ್ಬರು ಬಾಗಿಲಲ್ಲಿ ಬಂದು ನಿಂತರು. ಹದಿನಾಲ್ಕನೆಯ ವಯಸ್ಸಿಗೆ ಉಡುಪಿಯ ಕಡೆಯಿಂದ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಬಾಳು ಕಟ್ಟಿಕೊಂಡವರು. ಅವರ ಕೈಯಲ್ಲಿ ಮೊಮ್ಮಗಳ ಮೊಬೈಲು ಇತ್ತು.

ವಿಷಯ ಇಷ್ಟೆ. ಹಿಂದಿನ ದಿನ ಮೊಮ್ಮಗಳ ಕಾಲೇಜು ಅರ್ಜಿಗೆ ಕೊನೆಯ ದಿನವಾಗಿತ್ತು. ಹುಡುಗಿ ಎಲ್ಲವನ್ನೂ ತುಂಬಿ ‘ಸಬ್‌ಮಿಟ್’ ಒತ್ತಿದಾಗ ಚಕ್ರ ತಿರುಗಿ ತಿರುಗಿ, ‘ದೋಷ ಉಂಟಾಗಿದೆ, ಮತ್ತೆ ಪ್ರಯತ್ನಿಸಿ’ ಎಂದು ಬಂತು. ಸಂಜೆ ಏಳಕ್ಕೆ ನನಗೆ ಫೋನು ಮಾಡಿದ್ದಳು. ಕಚೇರಿಯಿಂದ ದಣಿದು ಬಂದಿದ್ದ ನಾನು, “ಸರ್ವರ್ ಡೌನ್ ಇರಬೇಕು ಮಗಾ, ಸ್ವಲ್ಪ ಹೊತ್ತು ಬಿಟ್ಟು ನೋಡು” ಎಂದು ಹೇಳಿ ಊಟಕ್ಕೆ ಕುಳಿತೆ. ಅವಳು ಮಧ್ಯರಾತ್ರಿಯವರೆಗೆ ಹನ್ನೊಂದು ಸಲ ಒತ್ತಿದಳು. ಅವಧಿ ಮುಗಿಯಿತು.

“ಆಗೆಲ್ಲ ಮನಿಯಾರ್ಡರಿನ ರಶೀದಿ ಬಾರದಿದ್ದರೆ ಅಂಚೆ ಕಚೇರಿಗೆ ಹೋಗಿ ಕೇಳುತ್ತಿದ್ದೆವು ಮಾರಾಯ್ರೇ. ಈಗ ಯಾರನ್ನು ಕೇಳುವುದು?” ಎಂದರು ಹಿರಿಯರು.

ಅವಳು ತೆಗೆದಿಟ್ಟಿದ್ದ ಪರದೆಯ ಚಿತ್ರವನ್ನು ನೋಡಿದೆ. ದೋಷದ ಮಾತಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಅಂಕೆ ಇತ್ತು: 413. ನಾನು ಓದಿದ್ದು ಬಿ.ಎಸ್ಸಿ., ಮಾಡುತ್ತಿರುವುದು ಗುಮಾಸ್ತಗಿರಿ. ಆದರೂ ಆ ಅಂಕೆಯ ಅರ್ಥ ನನಗೆ ಗೊತ್ತಿತ್ತು. ಸರ್ವರ್ ಡೌನ್ ಆಗಿರಲಿಲ್ಲ. ಅದು ಎಚ್ಚರವಾಗಿಯೇ ಇದ್ದು, ಹನ್ನೊಂದು ಸಲವೂ ಒಂದೇ ಉತ್ತರ ಕೊಟ್ಟಿತ್ತು. ಅದನ್ನು ಓದುವವರು ಯಾರೂ ಇರಲಿಲ್ಲ.

ಹಿರಿಯರ ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿಯಿತು. ಕಳುಹಿಸಿದ್ದು ತಲುಪಿತೇ, ತಲುಪದಿದ್ದರೆ ಏಕೆ ಎಂದು ತಿಳಿಯುವ ವ್ಯವಸ್ಥೆಗೆ ನಮ್ಮ ಈ ಮುಂಬಯಿಯಲ್ಲಿ ದೊಡ್ಡ ಇತಿಹಾಸವೇ ಇದೆ.

ಭಾರತದಲ್ಲಿ ತಂತಿ ಸೇವೆ ಸಾರ್ವಜನಿಕರಿಗೆ ತೆರೆದದ್ದು 1855ರಲ್ಲಿ. 1865ರ ಸುಮಾರಿಗೆ ಪರ್ಷಿಯನ್ ಕೊಲ್ಲಿಯ ಮಾರ್ಗವಾಗಿ ಯುರೋಪಿಗೂ ತಂತಿ ಸಂಪರ್ಕವಾಯಿತು. ಆದರೆ ದಾರಿಯಲ್ಲಿ ಹಲವು ಕಚೇರಿಗಳು. ಪ್ರತಿಯೊಂದು ಕಡೆಯೂ ಒಬ್ಬ ಗುಮಾಸ್ತ ಸಂದೇಶವನ್ನು ಬರೆದುಕೊಂಡು ಮುಂದಕ್ಕೆ ಬಡಿಯಬೇಕು. ಅವರಲ್ಲಿ ಅನೇಕರಿಗೆ ಇಂಗ್ಲಿಷೇ ಬಾರದು. ದಿನಗಳು ಕಳೆದು ಕೈಸೇರಿದ ಸಂದೇಶ ಅರ್ಥವೇ ಆಗದಷ್ಟು ಕೆಟ್ಟಿರುತ್ತಿದ್ದುದೂ ಉಂಟು. 1870ರ ಫೆಬ್ರವರಿಯಲ್ಲಿ ‘ಗ್ರೇಟ್ ಈಸ್ಟರ್ನ್’ ಎಂಬ ಭಾರೀ ಹಡಗು ಮುಂಬಯಿಯಿಂದ ಏಡನ್ ಕಡೆಗೆ ಕಡಲಡಿಯ ತಂತಿ ಹಾಸಲು ಹೊರಟಿತು. ಆ ವರ್ಷವೇ ಮುಂಬಯಿಗೂ ಬ್ರಿಟನ್ನಿಗೂ ಸಮುದ್ರದೊಳಗಿನ ತಂತಿ ಸಂಪರ್ಕ ಕೂಡಿಬಂತು. ವೇಗ ಹೆಚ್ಚಿತು, ಆದರೆ ತಪ್ಪಿನ ಭಯ ಹೋಗಲಿಲ್ಲ. ಅದಕ್ಕೇ ಹೆಚ್ಚು ಹಣ ಕೊಟ್ಟರೆ ಸಂದೇಶವನ್ನು ಮರಳಿ ಓದಿಸಿ ತಾಳೆ ನೋಡುವ ಏರ್ಪಾಡು ಇತ್ತು. ಉತ್ತರದ ಖರ್ಚನ್ನು ಕಳುಹಿಸುವವನೇ ಮೊದಲು ಕಟ್ಟುವ ‘ರಿಪ್ಲೈ ಪೇಯ್ಡ್’ ತಂತಿಯೂ ಇತ್ತು.

ತಂತಿಯವರು ಅಂಕೆಗಳ ಇನ್ನೊಂದು ಉಪಾಯವನ್ನೂ ಬಳಸಿದ್ದರು. ಮದುವೆಯ ಶುಭಾಶಯಕ್ಕೆ ಒಂದು ಅಂಕೆ, ದೀಪಾವಳಿಗೆ ಇನ್ನೊಂದು. ಫಾರಮಿನಲ್ಲಿ ಅಂಕೆ ಬರೆದರೆ ಸಾಕು, ಆ ಕಡೆಯ ಕಚೇರಿ ಪೂರ್ಣ ವಾಕ್ಯವನ್ನೇ ಬರೆದು ಮದುಮಕ್ಕಳ ಕೈಗೆ ಮುಟ್ಟಿಸುತ್ತಿತ್ತು. ಎರಡೂ ಕಡೆಯವರಲ್ಲಿ ಒಂದೇ ಪಟ್ಟಿ ಇದ್ದರೆ ಮೂರು ಸಾಲಿನ ಮಾತನ್ನು ಒಂದು ಅಂಕೆ ಹೇಳಬಲ್ಲುದು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು, ಉಪಾಯ ಉಳಿದುಕೊಂಡಿತು.

ನಮ್ಮವರಿಗೆ ತಂತಿಗಿಂತ ಹತ್ತಿರದ್ದು ಮನಿಯಾರ್ಡರು. 1880ರಲ್ಲಿ ಅಂಚೆ ಇಲಾಖೆ ಈ ಕೆಲಸವನ್ನು ಸರಕಾರಿ ಖಜಾನೆಗಳಿಂದ ತನ್ನ ಕೈಗೆ ತೆಗೆದುಕೊಂಡಿತು. ಫಾರಮಿನ ಒಂದು ತುಂಡು ಹಣ ಪಡೆದವರಲ್ಲಿ ಉಳಿಯುತ್ತಿತ್ತು. ಅವರ ಸಹಿಯೋ ಹೆಬ್ಬೆಟ್ಟೋ ಬಿದ್ದ ಇನ್ನೊಂದು ತುಂಡು ಕಳುಹಿಸಿದವನಿಗೆ ಹಿಂದಿರುಗುತ್ತಿತ್ತು. ಮುಂಬಯಿಯ ಹೋಟೆಲುಗಳ ಮಾಳಿಗೆಯಲ್ಲಿ ಮಲಗುತ್ತಿದ್ದ ಎಷ್ಟೋ ಹುಡುಗರು ತಾಯಿಯ ಹೆಬ್ಬೆಟ್ಟಿನ ಆ ತುಂಡನ್ನು ಟ್ರಂಕಿನ ತಳದಲ್ಲಿ ಜೋಪಾನವಾಗಿ ಇಟ್ಟಿದ್ದರು. ಅದು ಬಾರದಿದ್ದರೆ ಎರಡು ಸಂಭವಗಳಿದ್ದವು. ಹಣವೇ ತಲುಪಿಲ್ಲ, ಅಥವಾ ಹಣ ತಲುಪಿದೆ, ರಶೀದಿ ದಾರಿಯಲ್ಲಿ ಕಳೆದಿದೆ. ಬುದ್ಧಿವಂತನಾದವನು ಗಾಬರಿಗೊಂಡು ಇನ್ನೊಮ್ಮೆ ಹಣ ಕಟ್ಟುತ್ತಿರಲಿಲ್ಲ, ಮೊದಲು ವಿಚಾರಿಸುತ್ತಿದ್ದ. ಹಳೆಯ ಬಗೆಯ ಮನಿಯಾರ್ಡರು 2015ರಲ್ಲಿ ನಿಂತಿತು.

ವಿಳಾಸ ಸಿಗದ ಕಾಗದಗಳ ಮೇಲೆ ಅಂಚೆಯವನು ಕಾರಣ ಬರೆಯುವ ರೂಢಿಯೂ ಇದೇ ಜಾತಿಯದು. ‘ಇಂಥವರು ಇಲ್ಲಿಲ್ಲ’, ‘ಮನೆ ಬಿಟ್ಟು ಹೋಗಿದ್ದಾರೆ’, ‘ತೆಗೆದುಕೊಳ್ಳಲು ನಿರಾಕರಿಸಿದರು’. ಕಾರಣ ಗೊತ್ತಾದರೆ ಮುಂದಿನ ಹೆಜ್ಜೆ ಗೊತ್ತಾಗುತ್ತದೆ.

ಇನ್ನು ಗಣಕಗಳ ಕಾಲಕ್ಕೆ ಬರೋಣ. 1971ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಅಭಯ ಭೂಷಣ್ ಎಂಬ ಭಾರತೀಯ, ಕಾನ್ಪುರ ಐ.ಐ.ಟಿ.ಯ ಮೊದಲ ತಂಡದ ವಿದ್ಯಾರ್ಥಿ, ಒಂದು ಗಣಕದಿಂದ ಇನ್ನೊಂದಕ್ಕೆ ಕಡತ ಕಳುಹಿಸುವ ನಿಯಮಾವಳಿಯನ್ನು ಬರೆದರು. ಮುಂದಿನ ಕೆಲವೇ ವರ್ಷಗಳಲ್ಲಿ ಆ ನಿಯಮಾವಳಿಯೊಳಗೆ ಮೂರಂಕಿಯ ಉತ್ತರಗಳ ಪದ್ಧತಿ ನೆಲೆಗೊಂಡಿತು. ಮೊದಲ ಅಂಕೆ ಫಲ ಒಳ್ಳೆಯದೋ ಕೆಟ್ಟದೋ ಎಂದು ಹೇಳುತ್ತದೆ. ಉಳಿದೆರಡು ವಿವರ ಕೊಡುತ್ತವೆ. ಸರಿಸುಮಾರು ಅದೇ ಕಾಲದಲ್ಲಿ, 1972ರ ಆಗಸ್ಟ್ 15ರಂದು, ಶ್ರೀರಾಮ ಭಿಕಾಜಿ ವೇಲಣಕರರ ಯೋಜನೆಯಂತೆ ನಮ್ಮ ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂತು. ಅಲ್ಲಿಯೂ ಮೊದಲ ಅಂಕೆ ವಲಯವನ್ನು ಸೂಚಿಸುತ್ತದೆ.

ಮುಂಬಯಿ ಈ ಕತೆಯಲ್ಲಿ ಹಿಂದೆ ಬೀಳಲಿಲ್ಲ. 1986ರಲ್ಲಿ ಆರಂಭವಾದ ‘ಅರ್ನೆಟ್’ ಯೋಜನೆಯಲ್ಲಿ ಐದು ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಡನೆ ಜುಹೂವಿನ ರಾಷ್ಟ್ರೀಯ ತಂತ್ರಾಂಶ ಕೇಂದ್ರವೂ ಇತ್ತು. ಆ ಕೇಂದ್ರಕ್ಕೂ ಪೊವಾಯಿಯ ಐ.ಐ.ಟಿ.ಗೂ ನಡುವೆ ಟೆಲಿಫೋನ್ ತಂತಿಯ ಮೇಲೆ ಮಿಂಚಂಚೆ ಓಡಾಡತೊಡಗಿತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಅದರ ಭವನ ಇದ್ದದ್ದು ಫೋರ್ಟಿನ ಫೌಂಟನ್ ಆಸುಪಾಸಿನಲ್ಲೇ, ಹಳೆಯ ಕೇಂದ್ರ ತಂತಿ ಕಚೇರಿಯಿಂದ ಕೂಗಳತೆಯಲ್ಲಿ. ಮೊದಲ ತಿಂಗಳುಗಳಲ್ಲಿ ಲೈನು ಸಿಗದೆ, ಸಿಕ್ಕರೂ ಕಡಿದು ಹೋಗಿ ಗ್ರಾಹಕರು ಬೇಸತ್ತದ್ದುಂಟು.

ಜಗದ್ವ್ಯಾಪಿ ಜಾಲವನ್ನು ಟಿಮ್ ಬರ್ನರ್ಸ್‌ಲೀ ಎಂಬವರು ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ರೂಪಿಸಿದರು. 1991ರ ಅದರ ಮೊದಲ ನಿಯಮದಲ್ಲಿ ಪುಟವನ್ನು ಬೇಡುವುದಕ್ಕೆ ಮಾತ್ರ ಅವಕಾಶ. ಆ ವಿಧಾನದ ಹೆಸರು ‘ಗೆಟ್’. ನಾವು ತುಂಬಿದ ವಿವರವನ್ನು ಸರ್ವರಿಗೆ ಕಳುಹಿಸುವ ವಿಧಾನ ಬಳಿಕ ಬಂತು. 1996ರಲ್ಲಿ ಪ್ರಕಟವಾದ ನಿಯಮಾವಳಿಯಲ್ಲಿ ಅದು ದಾಖಲಾಗಿದೆ. ಅದಕ್ಕೆ ಇಟ್ಟ ಹೆಸರು ಏನೆಂದುಕೊಂಡಿರಿ? ‘ಪೋಸ್ಟ್’! ಉತ್ತರ ಕೊಡುವುದಕ್ಕೆ ಹಳೆಯ ಮೂರಂಕಿಯ ಪದ್ಧತಿಯನ್ನೇ ಎತ್ತಿಕೊಂಡರು. 200 ಎಂದರೆ ಸರಿಯಾಗಿದೆ. 4ರಿಂದ ಆರಂಭವಾದರೆ ಕಳುಹಿಸಿದವರ ಕಡೆ ತಪ್ಪಿದೆ. 5ರಿಂದ ಆರಂಭವಾದರೆ ಸರ್ವರಿನ ಕಡೆ ತಪ್ಪಿದೆ.

ಇದನ್ನು ಓದುತ್ತಿದ್ದಾಗ ನನಗೊಂದು ತಮಾಷೆ ಹೊಳೆಯಿತು. ಪಿನ್ ಕೋಡಿನಲ್ಲಿ ಮಹಾರಾಷ್ಟ್ರದ ವಲಯ 4, ಕರ್ನಾಟಕದ ವಲಯ 5. ಹೀಗಾಗಿ ಮುಂಬಯಿ ಕನ್ನಡಿಗನಿಗೆ ಇದಕ್ಕಿಂತ ಸುಲಭದ ಸೂತ್ರ ಬೇಡ: 4 ಎಂದರೆ ನಾವಿರುವ ಕಡೆ, ನಮ್ಮ ಕೈಯಲ್ಲೇ ಸರಿಪಡಿಸಬಹುದು, 5 ಎಂದರೆ ದೂರದ ಊರು, ಅಲ್ಲಿಯವರು ಸರಿಪಡಿಸುವವರೆಗೆ ಕಾಯಬೇಕು.

ಇಷ್ಟಕ್ಕೇ ಮುಗಿಯುವುದಿಲ್ಲ. 400 ನಮ್ಮ ಮುಂಬಯಿ. ಜಾಲದಲ್ಲಿ ಅದು ಅರ್ಥವಾಗದಂತೆ ಕೆಟ್ಟು ಬಂದ ಬೇಡಿಕೆ. 401 ಮೀರಾ ರೋಡು, ವಸಯಿ. ಅಲ್ಲಿ ಅದು ‘ನೀನು ಯಾರೆಂದು ಗೊತ್ತಿಲ್ಲ, ಲಾಗಿನ್ ಆಗು’ ಎಂಬ ಮಾತು. ಅರ್ಜಿ ತುಂಬುತ್ತಾ ನಡುವೆ ಚಹಾ ಕುಡಿಯಲು ಎದ್ದು ಹೋದವರಿಗೆ ಇದು ಎದುರಾಗಬಹುದು. 403 ಗೋವಾ; ಗುರುತು ಗೊತ್ತು, ಆದರೆ ಪ್ರವೇಶವಿಲ್ಲ. 415 ಸಾತಾರಾ, ಕಳುಹಿಸಿದ ಕಡತದ ಬಗೆಯೇ ನಡೆಯದು, ಪಿ.ಡಿ.ಎಫ್. ಕೇಳಿದಲ್ಲಿ ಫೋಟೋ ಕೊಟ್ಟಂತೆ. 422 ನಾಸಿಕ; ಅರ್ಜಿಯ ರೂಪ ಸರಿ, ಒಳಗಿನ ವಿವರ ಒಪ್ಪಿಗೆಯಿಲ್ಲ. ನಮ್ಮ ಮೈಸೂರು ಕಡೆಯವರು ಹೆಸರಿನ ಮುಂದೆ ಎರಡು ಇನಿಷಿಯಲ್ ಇಟ್ಟು, ಅಡ್ಡಹೆಸರಿನ ಜಾಗವನ್ನು ಖಾಲಿ ಬಿಟ್ಟಾಗ ಆಗುವ ಫಜೀತಿ ಇಂಥದ್ದು. ಅತ್ತ 500 ಹೈದರಾಬಾದು. ಸರ್ವರಿನ ಒಳಗೇ ಎಡವಟ್ಟು. 503 ನಿಜಾಮಾಬಾದು, ಸೇವೆ ಸದ್ಯಕ್ಕೆ ಲಭ್ಯವಿಲ್ಲ, ನಾವು ‘ಸರ್ವರ್ ಡೌನ್’ ಎನ್ನುವುದು ಇದಕ್ಕೆ. 504 ಆದಿಲಾಬಾದು, ನಡುವಿನ ಸರ್ವರು ಒಳಗಿನ ಸರ್ವರಿನ ಉತ್ತರಕ್ಕೆ ಕಾದು ಕಾದು ಸೋತದ್ದು.

ಮತ್ತೆ 413? ಅದು ಸೊಲ್ಲಾಪುರ, ಕನ್ನಡಿಗರು ತಲೆತಲಾಂತರದಿಂದ ಬದುಕಿರುವ ನಗರ. ಜಾಲದಲ್ಲಿ 1997ರ ನಿಯಮಾವಳಿಯಿಂದ ಅದರ ಅರ್ಥ: ಹೊರೆ ಹೆಚ್ಚಾಯಿತು. ಪಾರ್ಸೆಲು ತೂಕ ಮೀರಿದರೆ ಕೌಂಟರಿನಲ್ಲಿ ಹಿಂದಕ್ಕೆ ಕೊಡುವಂತೆ. ‘ಎಂಜಿನ್ ಎಕ್ಸ್’ ಎಂಬ ಬಹುಬಳಕೆಯ ಸರ್ವರ್ ತಂತ್ರಾಂಶದಲ್ಲಿ ಬೇರೆ ಸೂಚನೆ ಕೊಡದಿದ್ದರೆ ಈ ಮಿತಿ ಬರೇ 1 ಮೆಗಾಬೈಟು. ಆ ಹುಡುಗಿ ಅಂಕಪಟ್ಟಿಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಹಾಗೆಯೇ ಸೇರಿಸಿದ್ದಳು. ಅದೊಂದೇ 4 ಮೆಗಾಬೈಟಿಗಿಂತ ಹೆಚ್ಚಿತ್ತು. ಚಿತ್ರವನ್ನು ಕುಗ್ಗಿಸಿದ್ದರೆ ಐದು ನಿಮಿಷದ ಕೆಲಸ. ಹಾಗೆಯೇ ಬಿಟ್ಟಿದ್ದರೆ ಹನ್ನೊಂದಲ್ಲ, ನೂರಹನ್ನೊಂದು ಸಲ ಒತ್ತಿದರೂ ಫಲ ಅದೇ.

ಒಂದು ಅಂಕೆಯೂ ಬಾರದೆ ಚಕ್ರ ತಿರುಗುತ್ತಲೇ ಇದ್ದು ನಿಂತುಹೋಗುವ ಸಂದರ್ಭವೂ ಇದೆ. ಓಡುವ ಲೋಕಲ್ ಗಾಡಿಯಲ್ಲಿ ಸಿಗ್ನಲ್ ತಪ್ಪಿದಾಗ ಹೀಗಾಗುತ್ತದೆ. ಇದು ರಶೀದಿ ಬಾರದ ಮನಿಯಾರ್ಡರಿನ ಸ್ಥಿತಿ: ಅರ್ಜಿ ತಲುಪಿರಲೂಬಹುದು, ತಲುಪದಿರಲೂಬಹುದು. ‘ಗೆಟ್’ ಬೇಡಿಕೆಯನ್ನು ಎಷ್ಟು ಸಲ ಕಳುಹಿಸಿದರೂ ಹಾನಿಯಿಲ್ಲ, ಪುಟವನ್ನು ಮತ್ತೆ ನೋಡಿದಂತಷ್ಟೆ. ‘ಪೋಸ್ಟ್’ ಹಾಗಲ್ಲ, ಎರಡು ಸಲ ಒತ್ತಿದರೆ ಎರಡು ಅರ್ಜಿ, ಎರಡು ಸಲ ಹಣ ಕಡಿತ ಆಗಬಹುದು. ಆದ್ದರಿಂದ ಹಣ ಕಟ್ಟುವ ಪುಟದಲ್ಲಿ ಉತ್ತರ ಬಾರದಿದ್ದರೆ ಮೊದಲು ಬ್ಯಾಂಕ್ ಖಾತೆಯನ್ನೂ ಅರ್ಜಿಯ ಸ್ಥಿತಿಯನ್ನೂ ನೋಡಬೇಕು, ಬಳಿಕವೇ ಮತ್ತೆ ಒತ್ತಬೇಕು. ಅಂಕೆ ಬಂದರೆ ಅದನ್ನೂ ಗಂಟೆಯನ್ನೂ ಬರೆದಿಟ್ಟುಕೊಳ್ಳಬೇಕು. 4 ಇದ್ದರೆ ಕಡತದ ಗಾತ್ರ, ಬಗೆ, ಲಾಗಿನ್, ಖಾಲಿ ಜಾಗಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. 5 ಇದ್ದರೆ ಪರದೆಯ ಚಿತ್ರದೊಡನೆ ಸಂಬಂಧಪಟ್ಟವರಿಗೆ ಬರೆಯಬೇಕು. ಅದು ನಾಳೆ ನಮ್ಮ ಪರವಾದ ಸಾಕ್ಷಿ.

ಜಾಲತಾಣ ಕಟ್ಟುವವರ ತಪ್ಪೂ ಇಲ್ಲದಿಲ್ಲ. ‘ದೋಷ ಉಂಟಾಗಿದೆ’ ಎಂದು ಬರೆಯುವ ಬದಲು ‘ಚಿತ್ರ 1 ಮೆಗಾಬೈಟಿಗಿಂತ ದೊಡ್ಡದಾಗಿದೆ’ ಎಂದು ಬರೆದಿದ್ದರೆ ಒಂದು ಮನೆಯ ನಿದ್ದೆ ಉಳಿಯುತ್ತಿತ್ತು. ಕಾಗದದ ಮೇಲೆ ಕಾರಣ ಬರೆದು ಹಿಂದಿರುಗಿಸುತ್ತಿದ್ದ ಅಂಚೆಯವನಿಗೆ ಇದ್ದ ಸೌಜನ್ಯ ಅದು.

ಆದರೆ ನನ್ನ ತಪ್ಪನ್ನು ನಾನು ಒಪ್ಪಿಕೊಳ್ಳಲೇಬೇಕು. ಕಚೇರಿಯ ಕಿಟಕಿಯ ಈಚೆ ಕುಳಿತು ಇಪ್ಪತ್ತು ವರ್ಷಗಳಲ್ಲಿ ‘ಸರ್ವರ್ ಡೌನ್’ ಎಂಬ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕೆಲವು ಸಲ ಅದು ನಿಜ. ಕೆಲವು ಸಲ ನೋಡುವ ಶ್ರಮ ತಪ್ಪಿಸಿಕೊಳ್ಳುವ ಮಾತು. ಆ ಸಂಜೆ ಅದೇ ಮಾತು ಅಭ್ಯಾಸಬಲದಿಂದ ನನ್ನ ಬಾಯಲ್ಲಿ ಬಂತು. 4ನ್ನು 5 ಎಂದು ಹೇಳಿಬಿಟ್ಟೆ.

ಹುಡುಗಿಗೆ ಬೇಕಾದ ಕಾಲೇಜು ತಪ್ಪಿತು. ಮುಂದಿನ ಸುತ್ತಿನಲ್ಲಿ ಇನ್ನೊಂದು ಕಡೆ ಸೀಟು ಸಿಕ್ಕಿತು. ದಿನಾಲು ಎರಡು ಗಾಡಿ ಬದಲಿಸಿ ಹೋಗುತ್ತಾಳೆ. ಆ ಸಲ ಅರ್ಜಿ ತುಂಬುವಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ‘ಸಬ್‌ಮಿಟ್’ ಒತ್ತಿದ ಮೇಲೆ ಬಂದ ರಶೀದಿಯನ್ನು ಅವಳು ಮೊಬೈಲಿನಲ್ಲಿ ಉಳಿಸಿಕೊಂಡಳು. ಹಿರಿಯರಿಗೆ ಅಷ್ಟು ಸಾಲಲಿಲ್ಲ. ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಕಾಗದದ ಮೇಲೆ ತೆಗೆಸಿ, ಮಡಚಿ, ತಮ್ಮ ಹಳೆಯ ಟ್ರಂಕಿನಲ್ಲಿ ಇಟ್ಟರು.