ಹಾಸನ ಸೀಮೆಯ ಟ್ರಾಕ್ಟರ್ ಬೇಸಾಯ

ಹಾಸನ ಜಿಲ್ಲೆಯ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಉಳುಮೆಯಿಂದ ಒಕ್ಕಣೆಯವರೆಗಿನ ಹೊಲಗೆಲಸಕ್ಕೆ ಟ್ರಾಕ್ಟರನ್ನೂ ಅದರ ಹಿಂಬದಿಗೆ ಕಟ್ಟುವ ಸಲಕರಣೆಗಳನ್ನೂ ಬಳಸುವ ಬೇಸಾಯಕ್ರಮ. ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ಅವುಗಳ ನೆಲದ ಗುಣ ಒಂದೇ ಅಲ್ಲ. ಅರಕಲಗೂಡಿನ ಮಲ್ಲಿಪಟ್ಟಣದ ಕಡೆ ಅರೆಮಲೆನಾಡಿನ ಮಳೆ ಬೀಳುತ್ತದೆ. ಪೂರ್ವಕ್ಕೆ ಹೋದಂತೆ ಮಳೆ ಇಳಿಮುಖವಾಗಿ, ಚನ್ನರಾಯಪಟ್ಟಣದ ಹಿರೀಸಾವೆ, ನುಗ್ಗೇಹಳ್ಳಿ ಹೋಬಳಿಗಳಲ್ಲಿ ಬಯಲುಸೀಮೆಯ ಖುಷ್ಕಿ ಹೊಲವೂ ತೆಂಗಿನ ತೋಟವೂ ಕಾಣಸಿಗುತ್ತವೆ. ನಡುವಣ ಭಾಗದಲ್ಲಿ, ಗೊರೂರಿನ ಬಳಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಜಲಾಶಯದ ನಾಲೆಗಳೂ, ಅರಕಲಗೂಡಿನ ದಕ್ಷಿಣದಲ್ಲಿ ಕಾವೇರಿಯ ಕಟ್ಟೇಪುರ ಅಣೆಕಟ್ಟಿನ ಹಳೆಯ ನಾಲೆಗಳೂ ಭತ್ತದ ಗದ್ದೆಗಳಿಗೆ ನೀರೊದಗಿಸುತ್ತವೆ. ಹೀಗಾಗಿ ಒಂದೇ ಟ್ರಾಕ್ಟರು ಮೇ ತಿಂಗಳಲ್ಲಿ ಆಲೂಗಡ್ಡೆಗೆ ಸಾಲು ತೆಗೆದು, ಜುಲೈಯಲ್ಲಿ ರಾಗಿ ಹೊಲ ಉತ್ತು, ಆಗಸ್ಟ್‌ನಲ್ಲಿ ಕೆಸರುಗದ್ದೆಗೆ ಇಳಿದು, ಡಿಸೆಂಬರ್ ಹೊತ್ತಿಗೆ ಕಣದ ಪಕ್ಕದಲ್ಲಿ ನಿಂತು ಒಕ್ಕಣೆಯಂತ್ರವನ್ನು ತಿರುಗಿಸುವುದುಂಟು. ಎಂಜಿನ್ನಿನ ಬಲಕ್ಕಿಂತ, ಯಾವ ಮಣ್ಣಿಗೆ ಯಾವ ಸಲಕರಣೆ, ಎಷ್ಟು ಆಳ, ಯಾವ ಹದ ಎಂಬ ತಿಳಿವಳಿಕೆಯೇ ಇಲ್ಲಿನ ಟ್ರಾಕ್ಟರ್ ಬೇಸಾಯದ ಗುಣದೋಷಗಳನ್ನು ನಿರ್ಧರಿಸುತ್ತದೆ.

ಎತ್ತಿನಿಂದ ಎಂಜಿನ್ನಿಗೆ

ಟ್ರಾಕ್ಟರ್ ಬರುವ ಮೊದಲು ಈ ಸೀಮೆಯ ಬೇಸಾಯ ನಿಂತಿದ್ದುದು ಹಳ್ಳಿಕಾರ್ ತಳಿಯ ಎತ್ತುಗಳ ಮೇಲೆ. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಜಾತ್ರೆಗಳು ಈ ಎತ್ತುಗಳ ಕೊಳ್ಳುಕೊಡುಗೆಗೆ ಹೆಸರಾಗಿದ್ದವು. ಒಂದು ಜೊತೆ ಎತ್ತು ನಿರಂತರವಾಗಿ ಒದಗಿಸಬಲ್ಲ ಬಲ ಸುಮಾರು ಒಂದು ಅಶ್ವಶಕ್ತಿ; ದಿನವಿಡೀ ಆರು ಕಟ್ಟಿದರೂ ಮರದ ನೇಗಿಲಿನಿಂದ ಅರ್ಧ ಎಕರೆಗಿಂತ ಹೆಚ್ಚು ಉಳುವುದು ಕಷ್ಟ. ಎರಡು ಮೀಟರ್ ಅಗಲದ ಒಂಬತ್ತು ಗುಳದ ಕಲ್ಟಿವೇಟರನ್ನು ಗಂಟೆಗೆ ನಾಲ್ಕು ಕಿಲೋಮೀಟರ್ ವೇಗದಲ್ಲಿ ಎಳೆಯುವ ಟ್ರಾಕ್ಟರು ತಿರುವುಗಳ ಹೊತ್ತನ್ನು ಕಳೆದರೂ ಗಂಟೆಗೆ ಒಂದೂವರೆ ಎಕರೆಯಷ್ಟು ನೆಲವನ್ನು ಮುಗಿಸುತ್ತದೆ. ಈ ಲೆಕ್ಕ ಅಗಲವಾದ ಹೊಲಕ್ಕೆ ಮಾತ್ರ ಸಲ್ಲುವಂಥದು. ಇಪ್ಪತ್ತು ಗುಂಟೆಯ ಉದ್ದ ಪಟ್ಟಿಯಲ್ಲಿ ಬದುವಿನಿಂದ ಬದುವಿಗೆ ತಿರುಗುವುದರಲ್ಲೇ ಹೊತ್ತು ಕಳೆಯುತ್ತದೆ, ಮೂಲೆಗಳು ಉಳದೆ ಉಳಿಯುತ್ತವೆ, ಅವನ್ನು ಗುದ್ದಲಿಯಿಂದ ಅಗೆಯಬೇಕಾಗುತ್ತದೆ.

ಭಾರತದಲ್ಲಿ ಟ್ರಾಕ್ಟರ್ ತಯಾರಿಕೆ ಆರಂಭವಾದುದು 1959ರಲ್ಲಿ, ಫರೀದಾಬಾದಿನ ಐಷರ್ ಕಾರ್ಖಾನೆಯಲ್ಲಿ. ಮರುವರ್ಷ ಮದರಾಸಿನಲ್ಲಿ ಟಾಫೆ ಸ್ಥಾಪನೆಯಾಗಿ ಮ್ಯಾಸಿ ಫರ್ಗುಸನ್ ಟ್ರಾಕ್ಟರುಗಳು ದಕ್ಷಿಣದ ಹಳ್ಳಿಗಳಿಗೆ ಬಂದವು. ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡ ಎಚ್‌ಎಂಟಿ 1970ರ ದಶಕದಲ್ಲಿ ಜೆಟೊರ್ ವಿನ್ಯಾಸದ ಟ್ರಾಕ್ಟರುಗಳನ್ನು ತಯಾರಿಸತೊಡಗಿತು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಎಸ್‌ಟಿ ಸಂಸ್ಥೆಯ ಪವರ್ ಟಿಲ್ಲರ್, ಅಂದರೆ ರೈತನು ಹಿಂದೆ ನಡೆಯುತ್ತ ಹಿಡಿಕೆಯಿಂದ ನಡೆಸುವ ಎರಡು ಗಾಲಿಯ ಉಳುಮೆಯಂತ್ರ, ನಾಲೆಯ ಕೆಳಗಿನ ಸಣ್ಣ ಗದ್ದೆಗಳಿಗೆ ಹೇಳಿಮಾಡಿಸಿದಂತೆ ಹೊಂದಿಕೊಂಡಿತು. 2015–16ರ ಕೃಷಿಗಣತಿಯಂತೆ ಕರ್ನಾಟಕದಲ್ಲಿ ಹಿಡುವಳಿಯ ಸರಾಸರಿ ಗಾತ್ರ 1.36 ಹೆಕ್ಟೇರ್ ಮಾತ್ರ. ಇಷ್ಟು ನೆಲಕ್ಕೆಂದು ಸ್ವಂತ ಟ್ರಾಕ್ಟರ್ ಕೊಂಡರೆ ಅದರ ಸಾಲವನ್ನು ಹೊಲದ ಆದಾಯವೊಂದರಿಂದಲೇ ತೀರಿಸಲಾಗದು. ಆದ್ದರಿಂದ ಟ್ರಾಕ್ಟರ್ ಕೊಂಡವನು ಸಾಮಾನ್ಯವಾಗಿ ನೆರೆಹೊರೆಯವರ ಹೊಲವನ್ನೂ ಬಾಡಿಗೆಗೆ ಉಳುತ್ತಾನೆ, ಉಳಿದ ತಿಂಗಳುಗಳಲ್ಲಿ ಟ್ರೈಲರ್ ಕಟ್ಟಿ ಸಾಗಣೆಗೆ ಹೋಗುತ್ತಾನೆ.

ಜೋಡಣೆಯ ವಿಧಾನ

ಟ್ರಾಕ್ಟರನ್ನು ಬರಿಯ ಎಳೆಯುವ ಬಂಡಿಯ ಮಟ್ಟದಿಂದ ಬೇಸಾಯದ ಯಂತ್ರವಾಗಿ ಮಾರ್ಪಡಿಸಿದುದು ಐರ್ಲೆಂಡಿನ ಹ್ಯಾರಿ ಫರ್ಗುಸನ್ ರೂಪಿಸಿದ ಮೂರು ಬಿಂದುಗಳ ಜೋಡಣೆ. 1939ರಲ್ಲಿ ಫೋರ್ಡ್ ಟ್ರಾಕ್ಟರುಗಳ ಮೂಲಕ ವ್ಯಾಪಕ ಬಳಕೆಗೆ ಬಂದ ಈ ವ್ಯವಸ್ಥೆ ಇಂದು ಜಗತ್ತಿನ ಬಹುಪಾಲು ಟ್ರಾಕ್ಟರುಗಳಲ್ಲಿದೆ. ಹಿಂಬದಿಯಲ್ಲಿ ಕೆಳಗೆ ಎರಡು ತೋಳುಗಳೂ ಮೇಲೆ ಒಂದು ಕೊಂಡಿಯೂ ಇದ್ದು, ಕೆಳಗಿನ ತೋಳುಗಳನ್ನು ಹೈಡ್ರಾಲಿಕ್, ಅಂದರೆ ಒತ್ತಡಕ್ಕೊಳಗಾದ ಎಣ್ಣೆಯ ಬಲ, ಮೇಲೆತ್ತುತ್ತದೆ. ಉಳುವಾಗ ನೇಗಿಲಿಗೆ ಗಟ್ಟಿ ಮಣ್ಣು ತಗುಲಿದರೆ ಮೇಲಿನ ಕೊಂಡಿಯ ಮೇಲೆ ಒತ್ತಡ ಬೀಳುತ್ತದೆ. ಅದನ್ನು ಗ್ರಹಿಸಿ ಹೈಡ್ರಾಲಿಕ್ ನೇಗಿಲನ್ನು ತುಸು ಎತ್ತುತ್ತದೆ ಮತ್ತು ನೇಗಿಲಿನ ಭಾರದ ಒಂದು ಪಾಲನ್ನು ಹಿಂದಿನ ಗಾಲಿಗಳ ಮೇಲೆ ಹೊರಿಸಿ ಅವು ಜಾರದಂತೆ ಹಿಡಿಯುತ್ತದೆ. ಇದನ್ನು ಸೆಳೆತ ನಿಯಂತ್ರಣವೆನ್ನುತ್ತಾರೆ. ಸಲಕರಣೆಯನ್ನು ಒಂದೇ ಎತ್ತರದಲ್ಲಿ ನಿಲ್ಲಿಸುವ ಇನ್ನೊಂದು ಹಿಡಿಕೆಗೆ ಸ್ಥಾನ ನಿಯಂತ್ರಣವೆಂದು ಹೆಸರು. ನೇಗಿಲಿಗೆ ಮೊದಲನೆಯದೂ, ಮಣ್ಣನ್ನು ಮೇಲ್ಮೇಲೆ ತಿರುವುವ ಸಲಕರಣೆಗಳಿಗೆ ಎರಡನೆಯದೂ ತಕ್ಕದು. ಎಲ್ಲ ಕೆಲಸಕ್ಕೂ ಒಂದೇ ಹಿಡಿಕೆಯನ್ನು ಬಳಸುವ ಚಾಲಕನ ಉಳುಮೆಯಲ್ಲಿ ಆಳ ಏರುಪೇರಾಗುತ್ತದೆ, ಮೊಳಕೆಯೂ ಹಾಗೆಯೇ ಬರುತ್ತದೆ.

ಜೋಡಣೆಯ ನಡುವೆ ಹೊರಚಾಚಿದ ಚಿಕ್ಕ ದಂಡ, ಪಿಟಿಒ, ಎಂಜಿನ್ನಿನ ತಿರುಗುಬಲವನ್ನು ಸಲಕರಣೆಗೆ ನೇರವಾಗಿ ಸಾಗಿಸುತ್ತದೆ. ನಿಮಿಷಕ್ಕೆ 540 ಸುತ್ತು ಇದರ ಪ್ರಮಾಣಿತ ವೇಗ. ರೋಟವೇಟರ್, ಒಕ್ಕಣೆಯಂತ್ರ, ಆಲೂಗಡ್ಡೆ ಕೀಳುವ ಯಂತ್ರ ಎಲ್ಲಕ್ಕೂ ಚಾಲನೆ ದೊರೆಯುವುದು ಇಲ್ಲಿಂದಲೇ.

ಉಳುಮೆ, ಆಳ ಮತ್ತು ಹದ

ಈ ಭಾಗದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಸಲಕರಣೆಗಳು ಎರಡು. ಒಂದು, ಐದು ಅಥವಾ ಒಂಬತ್ತು ಗುಳದ ಕಲ್ಟಿವೇಟರ್. ಇದು ಮಣ್ಣನ್ನು ಮಗುಚದೆ ಸೀಳುತ್ತ ಸಾಗುತ್ತದೆ. ಇನ್ನೊಂದು, ಬಾಗಿದ ಅಲಗುಗಳ ಉರುಳೆಯನ್ನು ತಿರುಗಿಸಿ ಮಣ್ಣನ್ನು ಪುಡಿಮಾಡುವ ರೋಟವೇಟರ್. ಒಂದೇ ಓಟಕ್ಕೆ ಹೊಲ ನುಣ್ಣಗಾಗಿ ಕಾಣುವುದರಿಂದ ರೋಟವೇಟರ್ ಬಹುಬೇಗ ಜನಪ್ರಿಯವಾಯಿತು. ಆದರೆ ಎರಡೂ ಸಲಕರಣೆಗಳು ಕೆಲಸ ಮಾಡುವುದು ಸುಮಾರು 10ರಿಂದ 15 ಸೆಂಟಿಮೀಟರ್ ಆಳದಲ್ಲಿ. ವರ್ಷವರ್ಷವೂ ಅದೇ ಆಳದಲ್ಲಿ ಉಳುತ್ತ ಹೋದರೆ ಅದರ ಕೆಳಗೆ ಅಲಗಿನ ಉಜ್ಜುವಿಕೆಯಿಂದಲೂ ಗಾಲಿಯ ಭಾರದಿಂದಲೂ ಒಂದು ಗಟ್ಟಿ ಪದರ ಕೂಡಿಕೊಳ್ಳುತ್ತದೆ. ನೀರು ಆ ಪದರವನ್ನು ದಾಟಿ ಇಳಿಯದು, ಬೇರೂ ಇಳಿಯದು. ಎರಡು ವಾರ ಮಳೆ ತಪ್ಪಿದರೆ ಬಾಡುವ ರಾಗಿಯ ಬುಡದಲ್ಲಿ ಅಗೆದು ನೋಡಿದಾಗ ಕೆಳಮಣ್ಣಿನಲ್ಲಿ ತೇವವಿದ್ದರೂ ಬೇರು ಅದನ್ನು ಮುಟ್ಟದೆ ಅಡ್ಡಲಾಗಿ ಹರಡಿಕೊಂಡಿರುವುದು ಕಾಣಬಹುದು. ಕೆಂಪು ಮರಳುಗೋಡು ಮಣ್ಣಿನಲ್ಲಿ ಇನ್ನೊಂದು ತೊಂದರೆಯೂ ಸೇರುತ್ತದೆ: ಹಿಟ್ಟಿನಂತೆ ಪುಡಿಯಾದ ಮೇಲ್ಮಣ್ಣು ಮೊದಲ ಜೋರುಮಳೆಗೆ ಹೆಪ್ಪುಗಟ್ಟಿ ಮೊಳಕೆಯನ್ನು ತಡೆಯುತ್ತದೆ, ಇಳಿಜಾರಿನಲ್ಲಿ ಕೊಚ್ಚಿಹೋಗುತ್ತದೆ.

ಇದಕ್ಕೆ ಪರಿಹಾರ ಟ್ರಾಕ್ಟರನ್ನು ಬಿಡುವುದಲ್ಲ, ಸಲಕರಣೆಯನ್ನು ಬದಲಿಸುವುದು. ಮಣ್ಣನ್ನು ಕತ್ತರಿಸಿ ಮಗುಚುವ ರೆಕ್ಕೆ ನೇಗಿಲಿನಿಂದ ಬೇಸಗೆಯಲ್ಲಿ 20ರಿಂದ 25 ಸೆಂಟಿಮೀಟರ್ ಆಳಕ್ಕೆ ಮಾಗಿ ಉಳುಮೆ ಮಾಡಿದರೆ ಕಳೆಯ ಬೇರುಗಳೂ ಕೀಟಗಳ ಕೋಶಗಳೂ ಬಿಸಿಲಿಗೆ ಬೀಳುತ್ತವೆ. ಗಟ್ಟಿ ಪದರ ಆಗಲೇ ಕೂಡಿದ್ದರೆ ಎರಡು ಮೂರು ವರ್ಷಕ್ಕೊಮ್ಮೆ ಉಳಿ ನೇಗಿಲು, ಅಂದರೆ ಮಣ್ಣನ್ನು ಮಗುಚದೆ 40 ಸೆಂಟಿಮೀಟರಿನಷ್ಟು ಆಳಕ್ಕೆ ಸೀಳುವ ಒಂಟಿ ಅಥವಾ ಜೋಡಿ ಗುಳದ ಸಲಕರಣೆ, ಸಾಕಾಗುತ್ತದೆ. ಸೀಳುವಿಕೆ ಇಳಿಜಾರಿಗೆ ಅಡ್ಡಲಾಗಿಯೂ ಮಣ್ಣು ಒಣಗಿರುವಾಗಲೂ ನಡೆಯಬೇಕು. ಹಸಿಮಣ್ಣಿನಲ್ಲಿ ಪದರ ಒಡೆಯುವುದಿಲ್ಲ, ಗುಳ ಹಾದ ಗೆರೆಯಷ್ಟೇ ಉಳಿಯುತ್ತದೆ. ಸಾಧಾರಣ ಉಳುಮೆಗಾದರೋ ಹದ ಬೇಕು: ಹಿಡಿ ಮಣ್ಣನ್ನು ಹಿಸುಕಿದರೆ ಉಂಡೆಯಾಗಿ, ಕೈಬಿಟ್ಟರೆ ಒಡೆದು ಉದುರುವ ಸ್ಥಿತಿಯೇ ಹದ. ಮಳೆ ನಿಂತ ಮರುಗಳಿಗೆಯಲ್ಲೇ ಎರಡು ಟನ್ ತೂಕದ ಯಂತ್ರವನ್ನು ಹೊಲಕ್ಕೆ ಇಳಿಸುವುದು ಆ ಹೊಲಕ್ಕೆ ಮಾಡುವ ದ್ರೋಹ.

ಬೆಳೆಗಳಿಗೆ ತಕ್ಕ ಬಳಕೆ

ಆಲೂಗಡ್ಡೆ ಹಾಸನ ಸೀಮೆಯ ಮುಂಗಾರಿನ ಹಣದ ಬೆಳೆ. ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆಗಡ್ಡೆ, ಮುಖ್ಯವಾಗಿ ಕುಫ್ರಿ ಜ್ಯೋತಿ ತಳಿ, ಹಾಸನದ ಎಪಿಎಂಸಿ ಮಾರುಕಟ್ಟೆಯಲ್ಲಿ ಮಾರಾಟವಾಗುತ್ತಿದ್ದಂತೆ ಹೊಲಗಳಲ್ಲಿ ಉಳುಮೆಯ ಭರಾಟೆ ಏಳುತ್ತದೆ. ಸಾಲಿನಿಂದ ಸಾಲಿಗೆ 60, ಗಡ್ಡೆಯಿಂದ ಗಡ್ಡೆಗೆ 20 ಸೆಂಟಿಮೀಟರ್ ಅಂತರ ವಾಡಿಕೆಯದು. ಟ್ರಾಕ್ಟರಿಗೆ ಕಟ್ಟುವ ಸಾಲು ತೆಗೆಯುವ ಸಲಕರಣೆ ಮಣ್ಣನ್ನು ಎರಡೂ ಕಡೆಗೆ ಎಸೆದು ಬೋದು ಕಟ್ಟುತ್ತದೆ. ಗಾಲಿಗಳ ನಡುವಣ ಅಂತರವನ್ನು ಸಾಲಿನ ಅಂತರಕ್ಕೆ ಹೊಂದಿಸದಿದ್ದರೆ ಕಟ್ಟಿದ ಬೋದನ್ನೇ ಗಾಲಿ ತುಳಿಯುತ್ತದೆ. ಎತ್ತರದ ಬೋದಿನ ಬೆಲೆ ಗೊತ್ತಾಗುವುದು ಜುಲೈಯ ಜಡಿಮಳೆಯಲ್ಲಿ. ತಗ್ಗು ಸಾಲಿನಲ್ಲಿ ನೀರು ನಿಂತು ಗಡ್ಡೆ ಕೊಳೆಯುತ್ತದೆ. ಈ ಸೀಮೆಯ ಆಲೂಗಡ್ಡೆಯ ವಿಸ್ತೀರ್ಣವನ್ನೇ ಕುಗ್ಗಿಸಿದ ಅಂಗಮಾರಿ ರೋಗಕ್ಕೂ ತೇವ ತುಂಬಿದ ತಂಪು ಹವೆಯೇ ಅನುಕೂಲ. ಅಂಗಮಾರಿ ಹಬ್ಬುವ ಹೊತ್ತಿನಲ್ಲಿ ನೆಲ ಹಸಿಯಾಗಿರುವುದರಿಂದ ಸಿಂಪರಣೆಗೆ ಟ್ರಾಕ್ಟರ್ ಇಳಿಸಲಾಗದು. ಬೆನ್ನಿಗೆ ಹೊರುವ ಪಂಪೇ ಗತಿ. ಕೊಯ್ಲಿನಲ್ಲಿ ಬಳ್ಳಿಯನ್ನು ಮೊದಲೇ ಕತ್ತರಿಸಿ ಗಡ್ಡೆಯ ಸಿಪ್ಪೆ ಬಲಿಯಲು ಬಿಟ್ಟ ಮೇಲೆ, ಅಗಲ ಅಲಗಿನಿಂದ ಬೋದನ್ನೆತ್ತಿ ಜರಡಿಯಂತೆ ಅಲುಗಾಡಿಸುವ ಯಂತ್ರದಿಂದ ಕೀಳುತ್ತಾರೆ. ಅಲಗು ಮೇಲಾದರೆ ಗಡ್ಡೆ ಸೀಳುತ್ತದೆ, ಆಳವಾದರೆ ಹೆಂಟೆಗಳೇ ಹೆಚ್ಚು ಬರುತ್ತವೆ.

ರಾಗಿಯ ವಿಷಯದಲ್ಲಿ ಟ್ರಾಕ್ಟರ್ ತಂದುದು ಲಾಭವೊಂದೇ ಅಲ್ಲ. ಎತ್ತಿನ ಕೂರಿಗೆಯಿಂದ ರಾಗಿ ಬಿತ್ತುವಾಗ ಕೆಲವು ಸಾಲಿಗೊಮ್ಮೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಇಡುವುದು ಈ ನಾಡಿನ ಹಳೆಯ ವಿವೇಕ; ಮನೆಗೆ ಬೇಳೆ, ಎಣ್ಣೆ, ದನಕ್ಕೆ ಮೇವು, ನೆಲಕ್ಕೆ ಸಾರಜನಕ ಎಲ್ಲವೂ ಒಂದೇ ಹೊಲದಿಂದ ಒದಗುತ್ತಿದ್ದವು. ಬೀಜವನ್ನು ಕೈಯಿಂದ ಚೆಲ್ಲಿ ಮೇಲೆ ರೋಟವೇಟರ್ ಓಡಿಸುವ ಈಗಿನ ಅವಸರದ ರೂಢಿಯಲ್ಲಿ ಸಾಲೇ ಇಲ್ಲವಾದುದರಿಂದ ಅಕ್ಕಡಿಗೂ ಎಡೆಕುಂಟೆಗೂ ಜಾಗವಿಲ್ಲ. ಸಾಲುಗಳ ನಡುವೆ ಎಳೆದು ಕಳೆ ತೆಗೆಯುವ ಎಡೆಕುಂಟೆ ಹೋದ ಮೇಲೆ ಕಳೆಯ ಭಾರ ಹೆಂಗಸರ ಕೈಗೋ ಕಳೆನಾಶಕಕ್ಕೋ ಬೀಳುತ್ತದೆ. ಮೂರು ನಾಲ್ಕು ಸೆಂಟಿಮೀಟರಿಗಿಂತ ಆಳಕ್ಕೆ ಹೂತ ರಾಗಿಯ ಸಣ್ಣ ಕಾಳು ಮೇಲೇಳುವುದೂ ಅನುಮಾನ. ಬೀಜವನ್ನೂ ಗೊಬ್ಬರವನ್ನೂ ಒಟ್ಟಿಗೆ ಸಾಲಿನಲ್ಲಿ ಇಳಿಸುವ ಟ್ರಾಕ್ಟರ್ ಕೂರಿಗೆ ಈ ನಷ್ಟವನ್ನು ತುಂಬಿಕೊಡಬಲ್ಲದು. ಅದರ ಬಳಕೆ ಹೆಚ್ಚುವುದು ಅತ್ಯವಶ್ಯ. ಒಕ್ಕಣೆಯಲ್ಲಿ ಕಣದ ರೋಣಗಲ್ಲಿನ ಜಾಗಕ್ಕೆ ಪಿಟಿಒದಿಂದ ತಿರುಗುವ ಒಕ್ಕಣೆಯಂತ್ರ ಬಂದುದರಿಂದ, ರಾಗಿಯನ್ನು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸುವ ಅಪಾಯಕರ ಅಭ್ಯಾಸವನ್ನು ಬಿಡುವ ದಾರಿ ದೊರೆತಿದೆ.

ಭತ್ತದ ಗದ್ದೆಯಲ್ಲಿ ಲೆಕ್ಕವೇ ತಿರುವುಮುರುವು. ಖುಷ್ಕಿ ಹೊಲಕ್ಕೆ ಶತ್ರುವಾದ ಗಟ್ಟಿ ಪದರ ಇಲ್ಲಿ ನೀರು ಇಂಗಿಹೋಗದಂತೆ ತಡೆಯುವ ತಳವಾಗುತ್ತದೆ. ರಾಮನಾಥಪುರ, ಕೊಣನೂರು ಮತ್ತು ಹೊಳೆನರಸೀಪುರದ ನಾಲಾಬಯಲುಗಳಲ್ಲಿ ನೀರು ನಿಲ್ಲಿಸಿದ ಗದ್ದೆಗೆ ಕಬ್ಬಿಣದ ಪಟ್ಟಿಗಳ ಪಂಜರಗಾಲಿ ಕಟ್ಟಿದ ಟ್ರಾಕ್ಟರ್ ಇಳಿಸಿ ಮಣ್ಣನ್ನು ಕಲಸಿ, ಹಲಗೆ ಹೊಡೆದು ಮಟ್ಟ ಮಾಡಿ, ನಾಟಿಗೆ ಅಣಿಗೊಳಿಸುತ್ತಾರೆ. ಇದೇ ಗಾಲಿಯಲ್ಲಿ ಡಾಂಬರು ರಸ್ತೆಗೆ ಬಂದರೆ ರಸ್ತೆ ಕಿತ್ತುಹೋಗುತ್ತದೆ. ಗದ್ದೆಯ ಬದುವಿನಲ್ಲೇ ಗಾಲಿ ಬಿಚ್ಚಬೇಕು. ಭತ್ತದ ಬಳಿಕ ಅದೇ ಗದ್ದೆಯಲ್ಲಿ ಮುಸುಕಿನ ಜೋಳ ಅಥವಾ ದ್ವಿದಳ ಧಾನ್ಯ ಹಾಕುವವರು ಮಾತ್ರ ಆ ತಳ ಎಷ್ಟು ಮೇಲಿದೆಯೆಂದು ಅಗೆದು ನೋಡುವುದು ಒಳ್ಳೆಯದು.

ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಕಾಂಡದ ಸುತ್ತ ಎರಡು ಮೀಟರ್ ದೂರದೊಳಗೇ ಬಹುಪಾಲು ಬೇರುಗಳಿರುವುದರಿಂದ ರೋಟವೇಟರನ್ನು ಮರದ ಬುಡದವರೆಗೆ ಒಯ್ಯಬಾರದು. ಬೇರು ಕಡಿದ ಮರದಲ್ಲಿ ಹರಳು ಉದುರುತ್ತದೆ. ಕಬ್ಬಿಗೆ ಆಳಸಾಲು ತೆಗೆಯುವುದು, ಕೂಳೆ ಬೆಳೆಯಲ್ಲಿ ತರಗನ್ನು ಸುಡದೆ ಕತ್ತರಿಸಿ ಹರಡುವುದು, ಶುಂಠಿಗೆ ನೀರು ಬಸಿಯುವ ಏರುಮಡಿ ಕಟ್ಟುವುದು, ಅರಕಲಗೂಡಿನ ಹೊಗೆಸೊಪ್ಪಿಗೆ ನೆಲ ಅಣಿಮಾಡುವುದು ಟ್ರಾಕ್ಟರಿನ ಇತರ ಕೆಲಸಗಳು. ಕೊಟ್ಟಿಗೆ ಗೊಬ್ಬರವನ್ನೂ, ಬೇಸಗೆಯಲ್ಲಿ ಬತ್ತಿದ ಕೆರೆಗಳ ಗೋಡನ್ನೂ ಹೊಲಕ್ಕೆ, ಕಬ್ಬನ್ನು ಶ್ರೀನಿವಾಸಪುರದ ಹೇಮಾವತಿ ಸಕ್ಕರೆ ಕಾರ್ಖಾನೆಗೆ ಸಾಗಿಸಲು ಟ್ರೈಲರ್ ಬೇಕು.

ಬಾಡಿಗೆ

ಬಾಡಿಗೆಯ ಉಳುಮೆಯಲ್ಲಿ ಗಂಟೆಯ ದರ, ಎಕರೆಯ ದರ ಎಂಬ ಎರಡು ಕ್ರಮಗಳಿವೆ. ಗಂಟೆಯ ಲೆಕ್ಕವಾದರೆ ನಿಧಾನದ ನಷ್ಟ ಹೊಲದವನಿಗೆ. ಎಕರೆಯ ಲೆಕ್ಕವಾದರೆ ಬೇಗ ಮುಗಿಸಿ ಮುಂದಿನ ಹೊಲಕ್ಕೆ ಹೋಗುವ ಆಸೆಯಿಂದ ಚಾಲಕನು ಗೇರು ಏರಿಸಿ ಉಳುಮೆಯನ್ನು ಮೇಲ್ಮೇಲೆ ಮಾಡುತ್ತಾನೆ. ಆಳವನ್ನು ಮೊದಲೇ ಮಾತಾಡಿಕೊಂಡು, ಮೊದಲ ಸಾಲಿನಲ್ಲೇ ಗೇಣು ಹಾಕಿ ಅಳೆದು ನೋಡುವ ರೈತರು ಈ ನಷ್ಟದಿಂದ ಪಾರಾಗುತ್ತಾರೆ. ಇನ್ನೂ ದೊಡ್ಡ ತೊಡಕು ಸರದಿಯದು. ಹದ ಎಲ್ಲರ ಹೊಲಕ್ಕೂ ಒಟ್ಟಿಗೇ ಬರುತ್ತದೆ, ಟ್ರಾಕ್ಟರ್ ಮಾತ್ರ ಒಬ್ಬೊಬ್ಬರ ಹೊಲಕ್ಕೆ ಬರುತ್ತದೆ. ಅರ್ಧ ಎಕರೆಯ ಒಡೆಯನ ಸರದಿ ಕೊನೆಗೆ ಬೀಳುವಷ್ಟರಲ್ಲಿ ತೇವ ಆರಿರುತ್ತದೆ. ಹಿಂದಿನ ಮುಯ್ಯಾಳು ಪದ್ಧತಿಯಲ್ಲಿ, ಅಂದರೆ ಇವರ ಹೊಲಕ್ಕೆ ಅವರು ಅವರ ಹೊಲಕ್ಕೆ ಇವರು ದುಡಿದು ಋಣ ತೀರಿಸುವ ಕ್ರಮದಲ್ಲಿ, ಸಣ್ಣವನಿಗೂ ಒಂದು ಹಕ್ಕಿನ ದಿನವಿರುತ್ತಿತ್ತು. ಕರ್ನಾಟಕ ಸರ್ಕಾರ 2014–15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಟ್ರಾಕ್ಟರ್ ಮತ್ತು ಸಲಕರಣೆಗಳನ್ನು ಬಾಡಿಗೆಗೆ ಒದಗಿಸಿ ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗಿಸುತ್ತಿವೆ. ಇಂಥ ಕೇಂದ್ರಗಳ ನಿಜವಾದ ಪ್ರಯೋಜನವಿರುವುದು, ಖಾಸಗಿ ಬಾಡಿಗೆಯವರು ಇಟ್ಟುಕೊಳ್ಳದ ಉಳಿ ನೇಗಿಲು, ಸಾಲುಕೂರಿಗೆಯಂಥ ವರ್ಷಕ್ಕೆ ಕೆಲವೇ ದಿನ ಬೇಕಾಗುವ ಸಲಕರಣೆಗಳನ್ನು ಒದಗಿಸುವುದರಲ್ಲಿ.

ಸುರಕ್ಷತೆ

ಟ್ರಾಕ್ಟರ್ ಅವಘಡಗಳಲ್ಲಿ ಮಗುಚಿಬೀಳುವುದು ಅತ್ಯಂತ ಘೋರವಾದದ್ದು. ಕೆಸರಿನಲ್ಲಿ ಹೂತ ಟ್ರಾಕ್ಟರನ್ನು ಬಿಡಿಸಲು ಹಿಂದಿನ ಗಾಲಿಗೆ ಮರದ ತುಂಡು ಕಟ್ಟಿ ಎಂಜಿನ್ ಏರಿಸಿದರೆ, ಇಲ್ಲವೆ ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಸರಪಳಿ ಕಟ್ಟಿ ಭಾರ ಎಳೆದರೆ, ಮುಂಭಾಗ ಮೇಲೆದ್ದು ಯಂತ್ರ ಚಾಲಕನ ಮೇಲೆ ಹಿಮ್ಮೊಗವಾಗಿ ಬೀಳಬಲ್ಲದು. ಪಿಟಿಒ ದಂಡಕ್ಕೆ ಮುಚ್ಚಿಗೆ ಇಲ್ಲದಿದ್ದರೆ ಸೀರೆಯ ಸೆರಗು, ಪಂಚೆ, ಟವೆಲ್ಲುಗಳು ಕ್ಷಣದಲ್ಲಿ ಸುತ್ತಿಕೊಳ್ಳುತ್ತವೆ. ಒಕ್ಕಣೆಯ ಕಾಲದಲ್ಲಿ ಈ ಮುಚ್ಚಿಗೆಯಿಲ್ಲದ ಯಂತ್ರದ ಬಳಿ ಯಾರನ್ನೂ ನಿಲ್ಲಿಸಬಾರದು. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ರೋಟವೇಟರ್ ಓಡಿಸುವುದಂತೂ ಎಂದೂ ಸಲ್ಲದು. ಹೊಲದಲ್ಲಿ ಚಿಕ್ಕ ತಿರುವಿಗೆಂದು ಎಡ ಬಲ ಗಾಲಿಗಳಿಗೆ ಬೇರೆಬೇರೆ ಬ್ರೇಕುಗಳಿರುತ್ತವೆ; ರಸ್ತೆಗೆ ಬರುವ ಮೊದಲು ಆ ಎರಡು ಪೆಡಲುಗಳನ್ನು ಕೊಂಡಿ ಹಾಕಿ ಒಂದುಗೂಡಿಸದಿದ್ದರೆ, ತುಂಬಿದ ಟ್ರೈಲರ್ ಎಳೆಯುವಾಗ ಒಂದೇ ಗಾಲಿಗೆ ಬ್ರೇಕು ಬಿದ್ದು ಬಂಡಿ ಅಡ್ಡ ತಿರುಗುತ್ತದೆ. ಹಿರೀಸಾವೆ, ಚನ್ನರಾಯಪಟ್ಟಣ, ಶಾಂತಿಗ್ರಾಮಗಳ ಮೂಲಕ ಹಾಸನಕ್ಕೆ ಹೋಗುವ 75ನೆಯ ರಾಷ್ಟ್ರೀಯ ಹೆದ್ದಾರಿಯಂಥ ವೇಗದ ರಸ್ತೆಗಳಲ್ಲಿ ರಾತ್ರಿ ಕಬ್ಬು, ಹುಲ್ಲು ಸಾಗಿಸುವ ಟ್ರೈಲರುಗಳ ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿಯೂ ಉರಿಯುವ ದೀಪವೂ ಇರಬೇಕು. ಹೊರೆ ಚಾಚಿಕೊಂಡಿದ್ದರೆ ಪಟ್ಟಿಯನ್ನು ಹೊರೆಯ ತುದಿಗೇ ಕಟ್ಟಬೇಕು.