ಆರು ತಿಂಗಳ ಸೆರೆ

ನಮ್ಮಿಬ್ಬರಲ್ಲಿ ಒಬ್ಬರ ತವರು ಕುಮಟಾ, ಇನ್ನೊಬ್ಬರ ಊರು ರೋಣದ ಹತ್ತಿರ. ಒಬ್ಬರಿಗೆ ಅದು ನೀರುಳ್ಳಿ, ಇನ್ನೊಬ್ಬರಿಗೆ ಉಳ್ಳಾಗಡ್ಡಿ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಬಗೆಹರಿಯದ ಈ ವ್ಯಾಜ್ಯಕ್ಕೆ ಬೆಂಗಳೂರಿನ ಗೆಳೆಯರ 'ಈರುಳ್ಳಿ'ಯೇ ರಾಜಿಸೂತ್ರ. ಅದೂ ಈ ಬರಹದ ಮಟ್ಟಿಗೆ ಮಾತ್ರ!

ವುಡಿನ್‌ವಿಲ್‌ಗೆ ಬಂದ ಮೇಲೆ ಹಿತ್ತಿಲಲ್ಲಿ ಮೊದಲು ಹಾಕಿದ್ದು ವಾಲಾ ವಾಲಾ ಈರುಳ್ಳಿ. ಈ ರಾಜ್ಯದಲ್ಲಿದ್ದು ಬೇರೆಯದನ್ನು ಹಾಕುವುದುಂಟೇ? 1900ರ ಸುಮಾರಿಗೆ ಪೀಟರ್ ಪಿಯೆರಿ ಎಂಬ ಫ್ರೆಂಚ್ ಸೈನಿಕ ಕಾರ್ಸಿಕಾ ದ್ವೀಪದಿಂದ ಇದರ ಬೀಜ ತಂದು, ಕ್ಯಾಸ್ಕೇಡ್ ಬೆಟ್ಟಗಳಾಚೆಯ ವಾಲಾ ವಾಲಾ ಕಣಿವೆಯಲ್ಲಿ ಬಿತ್ತಿದ. ಚಳಿಗಾಲವನ್ನು ತಡೆದುಕೊಳ್ಳುವ ಅದರ ಗುಣ ಕಂಡು ನೆರೆಯ ಇಟಾಲಿಯನ್ ರೈತರು ತಲೆಮಾರುಗಟ್ಟಲೆ ಒಳ್ಳೆಯ ಗಡ್ಡೆಗಳನ್ನೇ ಆರಿಸಿ ಬೀಜ ಮಾಡಿಕೊಂಡರು. 2007ರಲ್ಲಿ ಅದು ವಾಷಿಂಗ್ಟನ್ ರಾಜ್ಯದ ಅಧಿಕೃತ ತರಕಾರಿಯಾಯಿತು. ಬೀಜ ಹೊತ್ತು ಬಂದ ವಲಸಿಗರ ಕಥೆ ನಮ್ಮಂಥವರಿಗೆ ಹಿಡಿಸದೆ ಇರುತ್ತದೆಯೇ?

ಗಡ್ಡೆಗಳೇನೋ ಪುಟ್ಟ ಮಕ್ಕಳ ತಲೆಯಷ್ಟು ದಪ್ಪ ಬಂದವು. ಕಣ್ಣೀರು ತರಿಸದ ಸಿಹಿ. ಆದರೆ ಅಕ್ಟೋಬರ್ ಮುಗಿಯುವುದರೊಳಗೆ ಗರಾಜಿನ ಬುಟ್ಟಿಯಲ್ಲಿ ಒಂದೊಂದೇ ಮೆತ್ತಗಾಗಿ, ದೀಪಾವಳಿಗೆ ಮನೆಯೆಲ್ಲ ನಾತ. ಗಂಧಕದ ಅಂಶ ಕಡಿಮೆ, ನೀರು ಹೆಚ್ಚು. ಅದರ ಸವಿಯ ಗುಟ್ಟೂ ಅದೇ, ಕೊಳೆಯುವ ಗುಟ್ಟೂ ಅದೇ.

ಆಗ ನೆನಪಾದದ್ದು ಕನಕದಾಸರ ರಾಮಧಾನ್ಯ ಚರಿತ್ರೆ. ಭತ್ತ ಮೇಲೋ ರಾಗಿ ಮೇಲೋ ಎಂಬ ಜಗಳಕ್ಕೆ ರಾಮ ಕೊಟ್ಟ ಪರೀಕ್ಷೆ ರುಚಿಯದಲ್ಲ, ಬಾಳಿಕೆಯದು: ಎರಡಕ್ಕೂ ಆರು ತಿಂಗಳ ಸೆರೆ. ಹೊರಬಂದಾಗ ಗಟ್ಟಿಯಾಗಿ ಉಳಿದಿದ್ದದ್ದು ನರೆದಲಗ, ಅಂದರೆ ನಮ್ಮ ರಾಗಿ. ಕಾಲೇಜಿನಲ್ಲಿ ಅದನ್ನು ಮೇಲುಕೀಳಿನ ಕಾವ್ಯವೆಂದಷ್ಟೇ ಓದಿದ್ದೆವು. ಮಳೆ ಕೈಕೊಟ್ಟ ವರ್ಷ ಕಣಜದಲ್ಲಿ ಉಳಿಯುವ ಕಾಳು ಯಾವುದು ಎಂಬ ಪ್ರಶ್ನೆಯೂ ಅದರಲ್ಲಿದೆ ಎಂದು ಹೊಳೆದದ್ದು ವುಡಿನ್‌ವಿಲ್‌ನ ಗರಾಜಿನಲ್ಲಿ!

ಸರಿ, ಈರುಳ್ಳಿಯಲ್ಲಿ ರಾಗಿಯನ್ನು ಹುಡುಕಿದೆವು. ನಮ್ಮ ಕಡೆಯ ಕೆಂಪು ಗಡ್ಡೆಯನ್ನು ಹೋಲುವ, ಬಾಳಿಕೆಗೆ ಹೆಸರಾದ 'ರೆಡ್ ಕ್ರಿಯೋಲ್' ಸಸಿಗಳನ್ನು ಏಪ್ರಿಲ್‌ನಲ್ಲಿ ನೆಟ್ಟೆವು. ಸಿಕ್ಕಿದ್ದು ಗೋಲಿಗಳು. ತಪ್ಪು ಮಣ್ಣಿನದಲ್ಲ, ಹಗಲಿನದು. ಬೆಳಕಿನ ಅವಧಿಯೇ ಗಿಡದ ಪಂಚಾಂಗ ಎಂದು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲೇ ತೋರಿಸಿಕೊಟ್ಟಿದ್ದರು. ಬೆಂಗಳೂರಿನಲ್ಲಿ ಅತಿ ದೀರ್ಘ ಹಗಲೂ ಹದಿಮೂರು ಗಂಟೆ ದಾಟುವುದಿಲ್ಲ. ಇಲ್ಲಿ ಜೂನ್‌ನಲ್ಲಿ ಹದಿನಾರು. ಹನ್ನೆರಡು ಗಂಟೆಯ ಹಗಲಿಗೇ ಗಡ್ಡೆ ಕಟ್ಟುವ ತಳಿ, ಇಲ್ಲಿನ ಏಪ್ರಿಲ್ ಬೆಳಕನ್ನು ಕಂಡೊಡನೆ ಎಲೆ ಬೆಳೆಸುವುದು ಬಿಟ್ಟು ಗಡ್ಡೆ ಕಟ್ಟಲು ಕೂತಿತ್ತು, ಪಾಪ.

ಮೂರನೆಯ ವರ್ಷ ಹಾಕಿದ್ದು ದೀರ್ಘ ಹಗಲಿನ, ಖಾರದ, ಹಳದಿ 'ಪ್ಯಾಟರ್ಸನ್'. ಆಗಸ್ಟ್ ಕೊನೆಗೆ ಅರ್ಧಕ್ಕಿಂತ ಹೆಚ್ಚು ಗಿಡಗಳು ತಾವಾಗಿಯೇ ಕುತ್ತಿಗೆ ಬಾಗಿಸಿ ಮಲಗಿದಾಗ ನೀರು ನಿಲ್ಲಿಸಿ, ವಾರದ ಮೇಲೆ ಕಿತ್ತೆವು. ಸೆಪ್ಟೆಂಬರ್ ಮಧ್ಯಕ್ಕೆ ಇಲ್ಲಿ ಮಳೆ ಶುರು. ಅದಕ್ಕೇ ಗರಾಜಿನೊಳಗೆ ಜಾಲರಿಯ ಮೇಲೆ ಹರವಿ, ಟೇಬಲ್ ಫ್ಯಾನ್ ಹಾಕಿ ಮೂರು ವಾರ ಒಣಗಿಸಿದೆವು. ಎಲೆ ಒಣಗುತ್ತ ಕುತ್ತಿಗೆ ಬಿಗಿದು ಮುಚ್ಚಿಕೊಳ್ಳಬೇಕು. ಬೆರಳಿನಲ್ಲಿ ಹೊಸಕಿದರೆ ತೇವ ತಾಗಬಾರದು. ಕೊಳೆ ಒಳಗೆ ನುಗ್ಗುವುದು ಅಲ್ಲಿಂದಲೇ. ಕುತ್ತಿಗೆ ದಪ್ಪವಿದ್ದವನ್ನೂ ಹೂಕಾಂಡ ಬಿಟ್ಟವನ್ನೂ ಆಗಲೇ ಅಡುಗೆಗೆ ಬಳಸಿಬಿಟ್ಟೆವು.

ಇಷ್ಟೆಲ್ಲ ಪುಸ್ತಕ ಓದಿ ಕಲಿತ ಮೇಲೆ ತವರು ಕುಮಟಾದವರಿಗೆ ನಗು ಬಂತು. ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿಯ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಬೆಳೆದ ಸಿಹಿ ಈರುಳ್ಳಿಯನ್ನು ಎಲೆ ಸಮೇತ ಜಡೆ ಹೆಣೆದು, ಬೇಸಿಗೆಯಲ್ಲಿ ಹೆದ್ದಾರಿಯ ಪಕ್ಕ ಸಾಲಾಗಿ ತೂಗುಹಾಕಿ ಮಾರುತ್ತಾರಲ್ಲ, ಅದು ನೋಟಕ್ಕೆ ಮಾಡಿದ್ದಲ್ಲ. ಜಡೆಯಲ್ಲಿ ಪ್ರತಿ ಗಡ್ಡೆಗೂ ಗಾಳಿ ಸಿಗುತ್ತದೆ, ಎಲೆ ಕುತ್ತಿಗೆಯ ಮೇಲೆಯೇ ಒಣಗಿ ಬಿಗಿಯುತ್ತದೆ. ಮನೆಗೆ ತಂದ ಜಡೆ ಒಲೆಯ ಹೊಗೆ ತಾಗುವಂತೆ ಅಡುಗೆಮನೆಯ ತೊಲೆಗೆ ನೇತುಬಿದ್ದರೆ ಕರಾವಳಿಯ ಆ ಮಳೆಗಾಲವನ್ನೇ ದಾಟುತ್ತಿತ್ತು. ಸಿಹಿಯಾದದ್ದು ಬಾಳದು ಎಂಬ ನಮ್ಮ ವಾಲಾ ವಾಲಾ ಸಿದ್ಧಾಂತಕ್ಕೆ ತವರಿನಿಂದಲೇ ಬಿದ್ದ ಪೆಟ್ಟು ಅದು.

ರೋಣದವರ ಕಥೆ ಇಷ್ಟು ಹಗುರವಲ್ಲ. ಅಲ್ಲಿ ಮುಂಗಾರಿಗೆ ಬಿತ್ತಿದ ಉಳ್ಳಾಗಡ್ಡಿ ಕೈಗೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಮಳೆ ಇನ್ನೂ ಹೋಗಿರದ ಹೊತ್ತಿಗೆ. ನಾಸಿಕದ ಹಿಂಗಾರು ಬೆಳೆ ಬೇಸಿಗೆಯ ಬಿಸಿಲಲ್ಲಿ ಒಣಗಿ ತಿಂಗಳುಗಟ್ಟಲೆ ಉಳಿಯುತ್ತದೆ, ಇದು ಉಳಿಯದು. ಎರೆಮಣ್ಣು ಅಂಟಿದ ಹಸಿ ಗಡ್ಡೆಯನ್ನು ಅಂದಿನ ಬೆಲೆಗೇ ಮಾರಬೇಕು. 1998ರಲ್ಲಿ ಮಳೆಗೆ ಬೆಳೆ ಕೆಟ್ಟು, ಬೆಲೆ ಗಗನಕ್ಕೇರಿ, ದೆಹಲಿಯ ಚುನಾವಣೆಯಲ್ಲಿ ಆಳುವ ಪಕ್ಷ ಸೋತದ್ದು ಎಲ್ಲರಿಗೂ ನೆನಪಿದೆ. 2023ರ ಡಿಸೆಂಬರ್‌ನಲ್ಲಿ ರಫ್ತು ನಿಷೇಧವಾಗಿ, 2024ರ ಮೇ ತಿಂಗಳವರೆಗೆ ಇದ್ದದ್ದೂ ಸುದ್ದಿಯಾಯಿತು. ಬೆಲೆ ಏರಿದಾಗ ಕೊಳ್ಳುವವರ ಕಣ್ಣೀರು ಪತ್ರಿಕೆಗೆ ಬರುತ್ತದೆ; ಮನೆಯಂಗಳದ ರಾಶಿ ತಾಡಪತ್ರಿಯ ಕೆಳಗೆ ಬೆವರಿ ಕೊಳೆತದ್ದು ಬರುವುದಿಲ್ಲ. ಒಂದು ವರ್ಷ ಸೋದರಮಾವ ಬೆಲೆಗಾಗಿ ಎಂಟು ದಿನ ಕಾದರು. ಎಂಟನೆಯ ದಿನ ಅರ್ಧ ರಾಶಿ ತಿಪ್ಪೆಗೆ ಹೋಯಿತು.

ನಮ್ಮ ಟೇಬಲ್ ಫ್ಯಾನಿನ ಸಾಹಸವನ್ನು ಫೋನಿನಲ್ಲಿ ಹೇಳಿದಾಗ ಅವರು ನಗಲಿಲ್ಲ. "ಬೆಳೆಯೂದು ದೊಡ್ಡದಲ್ಲೋ ತಮ್ಮಾ, ಒಣಗಸೂದು ದೊಡ್ಡದು" ಎಂದರು. ಸ್ವಲ್ಪ ತಡೆದು, ಎಷ್ಟು ಗಡ್ಡೆ ಅಂತ ಕೇಳಿದರು. ನೂರಿಪ್ಪತ್ತು ಎನ್ನಲು ನಮಗೆ ನಾಚಿಕೆಯಾಯಿತು.

ಹತ್ತರಿಂದ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ನಡುವೆ ಈರುಳ್ಳಿ ಬೇಗ ಮೊಳೆಯುತ್ತದೆ. ಊರಿನ ಅಟ್ಟದ ಬಿಸಿ ಅದಕ್ಕಿಂತ ಮೇಲೆ, ಇಲ್ಲಿನ ಚಳಿಗಾಲದ ಗರಾಜು ಅದಕ್ಕಿಂತ ಕೆಳಗೆ. ಎರಡೂ ಕಡೆ ಬಾಳುತ್ತದೆ. ಕೆಡುವುದು ನಮ್ಮ ಬೆಚ್ಚನೆಯ ಅಡುಗೆಮನೆಯಲ್ಲಿ. ಹಾಗಾಗಿ ಜಡೆಗಳು ಗರಾಜಿನ ತೊಲೆಯಲ್ಲೇ ಇವೆ. ಇದು ಮಾರ್ಚ್, ಸೆರೆ ಸೇರಿ ಆರು ತಿಂಗಳಾಯಿತು. ಹನ್ನೊಂದು ಉಳಿದಿವೆ. ಒಂದರ ತುದಿಯಲ್ಲಿ ಹಸಿರು ಇಣುಕಿದೆ. ಇವತ್ತಿನ ಹುಳಿಗೆ ಅದೇ.