ರಾಣಿ ಮೇರಿಗೊಂದು ಚರಮಗೀತೆ

ಚಿಕ್ಕದೇವರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಪಟ್ಟವೇರಿದ್ದು 1673ರಲ್ಲಿ. ಅದೇ ವರ್ಷ ಲಂಡನ್ನಿನ ರಾಜಪ್ರಾರ್ಥನಾಲಯದ ಬಾಲಗಾಯಕ ಹೆನ್ರಿ ಪರ್ಸೆಲ್, ಕಂಠ ಒಡೆದು ವೃಂದದಿಂದ ಹೊರಬಂದ. 1687ರಲ್ಲಿ ಮೊಗಲ್ ಸೇನಾನಿ ಕಾಸಿಂ ಖಾನನಿಗೆ 3 ಲಕ್ಷ ರೂಪಾಯಿ ತೆತ್ತು ಒಡೆಯರು ಬೆಂಗಳೂರನ್ನು ಪಡೆದ ಹೊತ್ತಿಗೆ ಪರ್ಸೆಲ್ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಆರ್ಗನ್ ವಾದಕ. ಒಡೆಯರ ಆಸ್ಥಾನದಲ್ಲಿ ಜಯದೇವನ ಹಾದಿ ಹಿಡಿದ ‘ಗೀತಗೋಪಾಲ’ ಮೂಡಿತು. ದೇವರ ಹಾಡಿಗೆ ಎರಡು ಅರಮನೆಗಳಲ್ಲೂ ಆಶ್ರಯವಿದ್ದ ಕಾಲವದು.

ಇಂಗ್ಲೆಂಡಿನಲ್ಲಿ ಆ ಆಶ್ರಯ ಹೊಸದಾಗಿ ಚಿಗುರಿದ್ದು. ಅಂತರ್ಯುದ್ಧದ ನಡುವೆ, 1644ರಲ್ಲಿ, ಇಗರ್ಜಿಗಳ ಆರ್ಗನ್ನುಗಳನ್ನು ಕಿತ್ತೊಗೆಯಲು ಪಾರ್ಲಿಮೆಂಟು ಆಜ್ಞಾಪಿಸಿತ್ತು. ಗಾಯಕವೃಂದಗಳು ಚದುರಿಹೋದವು. 1660ರಲ್ಲಿ ಎರಡನೆಯ ಚಾರ್ಲ್ಸ್ ಗದ್ದುಗೆಗೆ ಮರಳಿದ ಮೇಲೆ ಹೆನ್ರಿ ಕುಕ್ ಎಂಬ ಗುರು ಹುಡುಗರನ್ನು ಕಲೆಹಾಕಿ ಪ್ರಾರ್ಥನಾಲಯದ ಗಾಯನವನ್ನು ಮತ್ತೆ ಕಟ್ಟಿದ. ಆ ಶಾಲೆಯಲ್ಲಿ ಬೆಳೆದವರಲ್ಲಿ ಪರ್ಸೆಲ್ಲನಷ್ಟು ಎತ್ತರಕ್ಕೇರಿದವರು ಯಾರೂ ಇಲ್ಲ.

1694ರ ಡಿಸೆಂಬರ್ 28ರಂದು ರಾಣಿ ಎರಡನೆಯ ಮೇರಿ ಸಿಡುಬಿನಿಂದ ತೀರಿಕೊಂಡಳು. ವಯಸ್ಸು 32. ಅವಳ ಹುಟ್ಟುಹಬ್ಬಗಳಿಗೆ ವರ್ಷ ವರ್ಷವೂ ಸಂಭ್ರಮದ ಹಾಡು ಕಟ್ಟಿಕೊಟ್ಟಿದ್ದ ಪರ್ಸೆಲ್ಲನೇ ಈಗ ಅವಳ ಮಣ್ಣಿಗೂ ಹಾಡು ಕಟ್ಟಬೇಕಾಯಿತು. 1695ರ ಮಾರ್ಚ್ 5ರಂದು ಅಬ್ಬೆಯಲ್ಲಿ ಅಂತ್ಯಕ್ರಿಯೆ ನಡೆಯಿತು. ಸಾಮಾನ್ಯ ಕಹಳೆಗೆ ಎಟುಕದ ಶೋಕದ ಸ್ವರಗಳನ್ನೂ ನುಡಿಸಬಲ್ಲ, ಕೊಳವೆ ಜಾರಿಸುವ ವಿಶೇಷ ಕಹಳೆಗಳಿಗಾಗಿ ಅವನು ನಡಿಗೆಯ ಸಂಗೀತ ಬರೆದ. ಗೋರಿಯೆದುರಿನ ಪ್ರಾರ್ಥನೆಗೆ ‘ದೌ ನೋಯೆಸ್ಟ್, ಲಾರ್ಡ್’ ಬರೆದ. ಎದೆಯ ಗುಟ್ಟುಗಳನ್ನೆಲ್ಲ ಬಲ್ಲ ದೇವರಲ್ಲಿ ಕಿವಿಗೊಡೆಂದು ಬೇಡುವ ಮಾತುಗಳವು.

ಇದೇ ಮಾತುಗಳಿಗೆ ಅವನು ಹರೆಯದಲ್ಲೇ ಸ್ವರ ಹಾಕಿದ್ದ. ಅಲ್ಲಿ ಕಂಠಗಳು ಒಂದರ ಬೆನ್ನಿಗೊಂದು ಹೆಣೆದುಕೊಂಡು ಸಾಗುತ್ತಿದ್ದವು, ಸ್ವರಗಳು ನೋಯುವಷ್ಟು ತಿಕ್ಕಾಡುತ್ತಿದ್ದವು. ಈ ಬಾರಿ ಆ ಕೌಶಲವನ್ನೆಲ್ಲ ಬದಿಗಿಟ್ಟ. ನಾಲ್ಕು ಕಂಠಗಳೂ ಬಹುಮಟ್ಟಿಗೆ ಒಟ್ಟೊಟ್ಟಿಗೇ ನುಡಿಯುತ್ತವೆ; ಒಂದಕ್ಷರವೂ ಕಿವಿತಪ್ಪದು. ಎಲ್ಲವನ್ನೂ ಬಲ್ಲ ಕೈ ಹೀಗೆ ತನ್ನನ್ನು ತಡೆಹಿಡಿದಾಗ ಹುಟ್ಟುವ ಗಾಂಭೀರ್ಯ ಮಹಾನ್ ಕಲಾವಿದರಲ್ಲೂ ಅಪರೂಪ.

ಅದೇ ವರ್ಷದ ನವೆಂಬರ್ 21ರಂದು ಪರ್ಸೆಲ್ ಕಣ್ಮುಚ್ಚಿದ. ಮೂವತ್ತೈದು ದಾಟಿದ ಪ್ರಾಯ. ಅಬ್ಬೆಯ ಆರ್ಗನ್ನಿನ ಬಳಿ ಅವನನ್ನು ಮಣ್ಣು ಮಾಡುವಾಗ ಹಾಡಿದ್ದೂ ರಾಣಿಗೆಂದು ಅವನೇ ಬರೆದಿದ್ದ ಸಂಗೀತವನ್ನು. ಮುಂದೆ ವಿಲಿಯಂ ಕ್ರಾಫ್ಟ್ ಇಡೀ ಶವಸಂಸ್ಕಾರ ವಿಧಿಗೆ ಸ್ವರ ಹಾಕಿ 1724ರಲ್ಲಿ ಅಚ್ಚು ಹಾಕಿಸಿದಾಗ ‘ದೌ ನೋಯೆಸ್ಟ್, ಲಾರ್ಡ್’ ಭಾಗವೊಂದನ್ನು ಮುಟ್ಟಲಿಲ್ಲ, ಪರ್ಸೆಲ್ಲನದನ್ನೇ ಉಳಿಸಿಕೊಂಡ. 2022ರಲ್ಲಿ ರಾಣಿ ಎರಡನೆಯ ಎಲಿಜಬೆತ್‌ಳ ಅಂತ್ಯಕ್ರಿಯೆಯಲ್ಲೂ ಅದು ಅಬ್ಬೆಯಲ್ಲಿ ಮೊಳಗಿತು.

ಒಡೆಯರು ಬೆಂಗಳೂರನ್ನು ಪಡೆದು 300 ವರ್ಷ ತುಂಬಿದ 1987ರಲ್ಲಿ ಅರುಣಾ ಸುಂದರ್‌ಲಾಲ್ ಈ ಊರಲ್ಲಿ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಕಟ್ಟಿದರು. ಅದರ ನೆಲೆ ರವೀಂದ್ರನಾಥ ಟಾಗೋರರ ಹೆಸರು ಹೊತ್ತ ನಮ್ಮ ಆರ್.ಟಿ. ನಗರ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಬೆಂಗಳೂರಿನ ಉತ್ತರ ಭಾಗದಲ್ಲಿ ಹೀಗೊಂದು ಮನೆ ಸಿಕ್ಕಿತು. ಶ್ರುತಿಗೆ ಸೇರಿಸಿ ಒಂದೇ ಎಳೆಯಲ್ಲಿ ಹಾಡಿ ಬೆಳೆದ ನಮ್ಮ ಮಕ್ಕಳಿಗೆ ಬೇರೆ ಮೂರು ದನಿಗಳನ್ನು ಆಲಿಸುತ್ತಲೇ ತಮ್ಮ ದನಿಯನ್ನು ಕಾಯುವುದು ಹೊಸ ಸಾಧನೆ. ಅದಕ್ಕೆ ಮೊದಲ ಪಾಠ ಯಾವುದೆಂದು ಯಾರಾದರೂ ಕೇಳಿದರೆ ನಾನು ಪರ್ಸೆಲ್ಲನ ಈ ಪುಟ್ಟ ಪ್ರಾರ್ಥನೆಯನ್ನೇ ತೋರಿಸುತ್ತೇನೆ.